ಸೇನೆಯ ಬೀಗದ ಕೈ: ಜರ್ಮನ್ ರಾಜಕಾರಣದಲ್ಲಿ ದಂಡಪ್ರಯೋಗದ ಪ್ರಶ್ನೆ

1914ನೆಯ ಇಸವಿ ಸೆಪ್ಟೆಂಬರ್ 22ರ ರಾತ್ರಿ ‘ಎಂಡೆನ್’ ಎಂಬ ಜರ್ಮನ್ ಯುದ್ಧನೌಕೆಯು ಮದರಾಸಿನ ಕರಾವಳಿಗೆ ಬಂದು, ಅಲ್ಲಿಯ ಎಣ್ಣೆಯ ತೊಟ್ಟಿಗಳ ಮೇಲೆ ಗುಂಡು ಹಾರಿಸಿ ಬೆಂಕಿಯೆಬ್ಬಿಸಿ ಕತ್ತಲಲ್ಲಿ ಮರೆಯಾಯಿತು. ಅಂದಿನಿಂದ ತಮಿಳರ ಆಡುಮಾತಿನಲ್ಲಿ ‘ಎಮ್ಡನ್’ ಎಂದರೆ ಯಾರಿಗೂ ಬಗ್ಗದ ಗಟ್ಟಿಗ ಎಂಬ ಅರ್ಥ ನಿಂತಿದೆ. ಜರ್ಮನರೆಂದರೆ ಹುಟ್ಟಿನಿಂದಲೇ ಯುದ್ಧಪ್ರಿಯರು ಎಂಬ ಭಾವನೆ ನಮ್ಮ ಜನದಲ್ಲಿ ಬೇರೂರಿರುವುದಕ್ಕೆ ಇಂತಹ ನೆನಪುಗಳೂ ಎರಡು ಮಹಾಯುದ್ಧಗಳ ಕಥೆಯೂ ಕಾರಣ. ಇದಕ್ಕೆ ನೇರ ವಿರುದ್ಧವಾದ ಮತ್ತೊಂದು ಭಾವನೆಯೂ ವಿದ್ಯಾವಂತರಲ್ಲಿ ಪ್ರಚಾರವಾಗಿದೆ. 1945ರ ಸೋಲಿನ ತರುವಾಯ ಜರ್ಮನರು ಪಶ್ಚಾತ್ತಾಪದಲ್ಲಿ ಬೆಂದು, ಆಯುಧವನ್ನು ಮುಟ್ಟಲೊಲ್ಲದ ಜನರಾಗಿ ಮಾರ್ಪಟ್ಟರು ಎಂಬುದು ಅದು. ಈ ಎರಡು ಚಿತ್ರಗಳಲ್ಲಿಯೂ ಸತ್ಯಾಂಶವಿದೆ. ಆದರೆ ಎರಡರಿಂದಲೂ ಜರ್ಮನ್ ರಾಜಕಾರಣದ ಒಂದು ಮುಖ್ಯ ಎಳೆ ಕಣ್ಣಿಗೆ ಬೀಳುವುದಿಲ್ಲ. ಕತ್ತಿ ಬೇಕೇ ಬೇಡವೇ ಎಂಬ ಚರ್ಚೆಯ ಅಡಿಯಲ್ಲಿ, ಕತ್ತಿಯನ್ನಿಟ್ಟ ಕೋಣೆಯ ಬೀಗದ ಕೈ ಯಾರ ಬಳಿ ಇರತಕ್ಕದ್ದು ಎಂಬ ವ್ಯಾಜ್ಯ ಆ ನಾಡಿನಲ್ಲಿ ನೂರಅರವತ್ತು ವರ್ಷಗಳಿಂದ ನಡೆದುಬಂದಿದೆ. ಪ್ರಕೃತ ಲೇಖನದಲ್ಲಿ ಆ ಎಳೆಯನ್ನು ಹಿಡಿದು ನಡೆಯುವುದು ನಮ್ಮ ಉದ್ದೇಶ.

ಕಥೆ ಆರಂಭವಾಗುವುದು ಪ್ರಷ್ಯದಲ್ಲಿ. 1861ರಲ್ಲಿ ಪಟ್ಟಕ್ಕೆ ಬಂದ ಒಂದನೆಯ ವಿಲ್ಹೆಲ್ಮನೂ ಅವನ ಯುದ್ಧಮಂತ್ರಿ ರೋನನೂ ಸೈನ್ಯವನ್ನು ಹಿಗ್ಗಿಸಬೇಕೆಂದು ಹಟ ಹಿಡಿದರು. ಪ್ರಜಾಪ್ರತಿನಿಧಿ ಸಭೆಯಲ್ಲಿ ಬಹುಮತ ಪಡೆದಿದ್ದ ಉದಾರವಾದಿಗಳಿಗೆ ಸೈನ್ಯ ಬೆಳೆಯುವುದರಲ್ಲಿ ಆಕ್ಷೇಪವಿರಲಿಲ್ಲವೆಂಬುದನ್ನು ಗಮನಿಸಬೇಕು. ಅವರ ತಂಟೆಯಿದ್ದುದು ಎರಡು ವಿಷಯಗಳಲ್ಲಿ. ಒಂದು, ಮೂರು ವರ್ಷಗಳ ಕಡ್ಡಾಯ ಸೇವೆ. ಇಷ್ಟು ಕಾಲ ದಂಡಿನ ಬಿಡಾರದಲ್ಲಿ ಕಳೆದ ತರುಣನು ನಾಗರಿಕನಾಗಿ ಉಳಿಯದೆ ಅರಸನ ಆಳಾಗುವನೆಂದು ಅವರ ಶಂಕೆ. ಎರಡು, ನೆಪೋಲಿಯನ್ನನ ವಿರುದ್ಧ 1813ರಲ್ಲಿ ಎದ್ದುನಿಂತ ‘ಲಾಂಡ್‌ವೇರ್’ ಎಂಬ ನಾಗರಿಕ ಪಡೆಯನ್ನು ಮೂಲೆಗೆ ತಳ್ಳುವ ಯೋಜನೆ. ಎರಡು ವರ್ಷ ತಾತ್ಕಾಲಿಕವಾಗಿ ಹಣ ಕೊಟ್ಟ ಸಭೆಯು 1862ರ ಸೆಪ್ಟೆಂಬರ್ 23ರಂದು ಸೈನ್ಯಸುಧಾರಣೆಯ ಬಾಬನ್ನು ಆಯವ್ಯಯಪತ್ರದಿಂದ ಹೊಡೆದುಹಾಕಿತು. ದೊರೆ ಸಿಂಹಾಸನ ತ್ಯಜಿಸುವ ಪತ್ರವನ್ನೂ ಬರೆದಿಟ್ಟುಕೊಂಡಿದ್ದನು. ಅಂತಹ ಸಂದಿಗ್ಧದಲ್ಲಿ ಬಿಸ್ಮಾರ್ಕನನ್ನು ಕರೆದರು.

ಅದೇ ತಿಂಗಳ 30ರಂದು ಬಿಸ್ಮಾರ್ಕನು ಆಡಿದ ‘ರಕ್ತ ಮತ್ತು ಕಬ್ಬಿಣ’ದ ಮಾತು ಶಾಲಾಬಾಲಕರಿಗೂ ತಿಳಿದದ್ದೇ. ಆದರೆ ಆ ಮಾತು ಹುಟ್ಟಿದ್ದು ರಣರಂಗದಲ್ಲಾಗಲಿ ಬಹಿರಂಗ ಸಭೆಯಲ್ಲಾಗಲಿ ಅಲ್ಲ. ಆಯವ್ಯಯ ಸಮಿತಿಯ ಕೋಣೆಯಲ್ಲಿ, ಲೆಕ್ಕ ಕೇಳುತ್ತಿದ್ದ ಪ್ರತಿನಿಧಿಗಳ ಎದುರಿಗೆ. ಯುದ್ಧದ ಹೊಗಳಿಕೆಗಿಂತ ಮುಖ್ಯವಾಗಿ ಅದು, ಹಣಕಾಸಿನ ಹಕ್ಕನ್ನು ಹಿಡಿದು ಕುಳಿತ ಸಭೆಗೆ ಕೊಟ್ಟ ಉತ್ತರ. ಅರಸನಿಗೂ ಸಭೆಗೂ ಒಮ್ಮತವಾಗದಿದ್ದರೆ ಏನು ಮಾಡಬೇಕೆಂದು ರಾಜ್ಯಾಂಗ ಹೇಳಿಲ್ಲ, ಆದುದರಿಂದ ಆ ತೆರಪಿನಲ್ಲಿ ಅರಸನ ಸರಕಾರ ತನ್ನ ಕೆಲಸ ನಡೆಸಿಕೊಂಡು ಹೋಗಬಹುದು ಎಂದು ಬಿಸ್ಮಾರ್ಕನು ವಾದ ಹೂಡಿದನು. ನಾಲ್ಕು ವರ್ಷ ಸಭೆಯ ಒಪ್ಪಿಗೆಯಿಲ್ಲದ ಆಯವ್ಯಯದಿಂದಲೇ ರಾಜ್ಯ ನಡೆಯಿತು, ತೆರಿಗೆ ವಸೂಲಾಯಿತು, ಡೆನ್ಮಾರ್ಕಿನ ಮೇಲೆ, ಆಸ್ಟ್ರಿಯದ ಮೇಲೆ ದಂಡು ನಡೆಯಿತು. 1866ರ ಜುಲೈ 3ರಂದು ಕ್ಯೋನಿಗ್‌ಗ್ರೇಟ್ಸ್ ಬಯಲಲ್ಲಿ ಪ್ರಷ್ಯಕ್ಕೆ ಜಯ ಸಿಕ್ಕಿತು. ಅದೇ ದಿನ ಪ್ರಷ್ಯದಲ್ಲಿ ಚುನಾವಣೆಯೂ ನಡೆದು ಉದಾರವಾದಿಗಳು ಸೋತರೆಂಬುದು ಇತಿಹಾಸದ ವಿಚಿತ್ರಗಳಲ್ಲಿ ಒಂದು. ಸೆಪ್ಟೆಂಬರ್ 3ರಂದು ಸಭೆಯು ಸರಕಾರದ ಹಿಂದಿನ ಅಕ್ರಮಗಳನ್ನೆಲ್ಲ ಮನ್ನಿಸುವ ಶಾಸನಕ್ಕೆ ಒಪ್ಪಿಗೆಯಿತ್ತಿತು. ಪರವಾಗಿ 230 ಮತ, ವಿರೋಧವಾಗಿ 75. ಜರ್ಮನ್ ಮಧ್ಯಮವರ್ಗವು ಗೆಲುವಿನ ಬೆಲೆಯಾಗಿ ಬೀಗದ ಕೈಯನ್ನು ತಾನಾಗಿ ಒಪ್ಪಿಸಿದ್ದು ಅಂದು. ಆ 75 ಮಂದಿಯ ನೆನಪು ಪಠ್ಯಪುಸ್ತಕಗಳಲ್ಲಿ ವಿರಳ.

1871ರ ಸಾಮ್ರಾಜ್ಯದಲ್ಲಿ ಈ ಏರ್ಪಾಡು ಮತ್ತಷ್ಟು ಬಿಗಿಯಾಯಿತು. ಸೈನ್ಯದ ಅಧಿಪತ್ಯ ಕೈಸರನದು. ಯುದ್ಧ ಘೋಷಣೆಗೆ ಬೇಕಾದದ್ದು ಸಂಸ್ಥಾನಗಳ ಪ್ರತಿನಿಧಿಸಭೆಯ ಒಪ್ಪಿಗೆ ಮಾತ್ರ. ಜನರು ಆರಿಸಿದ ರೈಖ್‌ಸ್ಟಾಗಿಗೆ ಉಳಿದದ್ದು ಹಣದ ಹಕ್ಕು. ಅದನ್ನೂ 1874ರಲ್ಲಿ ಮೊಟಕುಮಾಡಿ, ಸೈನ್ಯದ ಸಂಖ್ಯೆಯನ್ನು ಏಳು ವರ್ಷಗಳಿಗೊಮ್ಮೆ ಗೊತ್ತುಮಾಡುವ ಪದ್ಧತಿ ತಂದರು. ರೈಖ್‌ಸ್ಟಾಗಿನ ಆಯುಷ್ಯ ಆಗ ಮೂರೇ ವರ್ಷ. ಸೈನ್ಯದ ವಿಷಯಕ್ಕೆ ಮತ ಹಾಕುವ ಸಂದರ್ಭವೇ ಬಾರದೆ ಒಂದು ಸಭೆ ಮುಗಿದುಹೋಗಬಹುದಾಗಿತ್ತು! 1887ರಲ್ಲಿ ಏಳಕ್ಕೆ ಬದಲು ಮೂರು ವರ್ಷಕ್ಕೆ ಮಾತ್ರ ಕೊಡುವೆವೆಂದ ರೈಖ್‌ಸ್ಟಾಗನ್ನು ಬಿಸ್ಮಾರ್ಕನು ವಿಸರ್ಜಿಸಿಬಿಟ್ಟನು.

ಈ ಸಭೆಯ ನಿಜವಾದ ಬಲ ಎಷ್ಟೆಂಬುದು 1913ರಲ್ಲಿ ಬಯಲಾಯಿತು. ಅಲ್ಸೇಸಿನ ಟ್ಸಾಬರ್ನ್ ಎಂಬ ಸಣ್ಣ ಪಟ್ಟಣದಲ್ಲಿ ಒಬ್ಬ ಎಳೆಯ ಲೆಫ್ಟೆನೆಂಟನು ಸ್ಥಳೀಯ ಜನರನ್ನು ಹೀನನಾಮದಿಂದ ಜರೆದನು. ಜನ ಕೆರಳಿದರು. ಅಲ್ಲಿಯ ಕರ್ನಲನು ನಾಗರಿಕ ಅಧಿಕಾರಿಗಳನ್ನು ಲೆಕ್ಕಿಸದೆ ಸಿಪಾಯಿಗಳನ್ನು ಬೀದಿಗಿಳಿಸಿ, ಕೈಗೆ ಸಿಕ್ಕವರನ್ನೆಲ್ಲ ಹಿಡಿಸಿ ಸೆರೆಯಲ್ಲಿಟ್ಟನು. ಸಿಕ್ಕವರಲ್ಲಿ ನ್ಯಾಯಾಲಯದವರೂ ಇದ್ದರು. ಡಿಸೆಂಬರ್ 4ರಂದು ರೈಖ್‌ಸ್ಟಾಗು ಚಾನ್ಸಲರ್ ಬೆಥ್‌ಮಾನ್ ಹಾಲ್ವೆಗನ ಮೇಲೆ 293ಕ್ಕೆ 54 ಮತಗಳಿಂದ ಅವಿಶ್ವಾಸವನ್ನು ಸೂಚಿಸಿತು. ಪರಿಣಾಮ ಸೊನ್ನೆ. ಚಾನ್ಸಲರನು ಕೈಸರನಿಗೆ ಬಾಧ್ಯನೇ ಹೊರತು ಸಭೆಗಲ್ಲ. ಕರ್ನಲನನ್ನು ಸೈನಿಕ ನ್ಯಾಯಾಲಯವು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಹೀಗಿರಲಾಗಿ ಎಂಟು ತಿಂಗಳ ತರುವಾಯ ಮಹಾಯುದ್ಧ ಬಂದಾಗ ರೈಖ್‌ಸ್ಟಾಗನ್ನು ಯಾರೂ ಕೇಳದಿದ್ದುದರಲ್ಲಿ ಆಶ್ಚರ್ಯವಿಲ್ಲ. ರಷ್ಯದ ಮೇಲೆ ಯುದ್ಧ ಸಾರಿದ್ದು 1914ರ ಆಗಸ್ಟ್ 1ರಂದು. ಸಭೆ ಸೇರಿದ್ದು 4ರಂದು, ಯುದ್ಧದ ಸಾಲಕ್ಕೆ ಕೈಯೆತ್ತಲು. ಸೋಶಿಯಲ್ ಡೆಮಾಕ್ರಾಟರು ತಮ್ಮ ಒಳಸಭೆಯಲ್ಲಿ 78ಕ್ಕೆ 14ರಂತೆ ಒಡೆದಿದ್ದರೂ ಹೊರಗೆ ಒಮ್ಮತದಿಂದ ಮತ ಕೊಟ್ಟರು. ಸ್ವತಃ ವಿರೋಧಿಯಾಗಿದ್ದ ಹೂಗೋ ಹಾಸೆಯೇ ಪಕ್ಷದ ಪರವಾದ ಹೇಳಿಕೆಯನ್ನು ಓದಬೇಕಾಯಿತು. ಡಿಸೆಂಬರ್ 2ರಂದು ಎರಡನೆಯ ಸಾಲಕ್ಕೆ ಮತ ಕೇಳಿದಾಗ ವಿರೋಧಿಸಿದವನು ಕಾರ್ಲ್ ಲೀಬ್‌ಕ್ನೆಷ್ಟ್ ಒಬ್ಬನೇ. 1917ರ ಜುಲೈ 19ರಂದು ಇದೇ ಸಭೆ 212ಕ್ಕೆ 126 ಮತಗಳಿಂದ ಸಂಧಾನದ ಶಾಂತಿ ಬೇಕೆಂಬ ಗೊತ್ತುವಳಿಯನ್ನು ಅಂಗೀಕರಿಸಿತು. ಹಿಂಡೆನ್‌ಬುರ್ಗ್ ಮತ್ತು ಲೂಡೆನ್‌ಡಾರ್ಫರ ಕೈಗೆ ರಾಜ್ಯವೇ ಸಿಕ್ಕಿದ್ದ ಕಾಲದಲ್ಲಿ ಅದು ಕಾಗದದ ಮೇಲಿನ ಬರಹವಾಗಿ ಉಳಿಯಿತು.

ಸೋಲಿನ ಬಿಸಿ ಆರುವ ಮುನ್ನವೇ, 1919ರ ಜನವರಿಯಲ್ಲಿ, ಮಾಕ್ಸ್ ವೇಬರ್ ಮ್ಯೂನಿಕ್ ನಗರದ ವಿದ್ಯಾರ್ಥಿಗಳಿಗೆ ರಾಜಕಾರಣವೆಂಬ ವೃತ್ತಿಯನ್ನು ಕುರಿತು ಒಂದು ಉಪನ್ಯಾಸ ಕೊಟ್ಟನು. ಬಲಪ್ರಯೋಗದ ನ್ಯಾಯಸಮ್ಮತ ಹಕ್ಕನ್ನು ಒಂದು ಸೀಮೆಯೊಳಗೆ ತನ್ನೊಬ್ಬನದೆಂದು ಸಾಧಿಸುವ ಸಂಸ್ಥೆಯೇ ರಾಜ್ಯ ಎಂಬ ಲಕ್ಷಣವೂ, ಅಂತಃಕರಣದ ನಿಷ್ಠೆಯನ್ನು ನಂಬಿದ ನೀತಿ, ಪರಿಣಾಮದ ಹೊಣೆಯನ್ನು ಹೊರುವ ನೀತಿ ಎಂಬ ಭೇದವೂ ಆ ಉಪನ್ಯಾಸದಿಂದಲೇ ಪ್ರಸಿದ್ಧವಾದವು. ಕನ್ನಡಿಗರಾದ ನಾವು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಅದೇ ಉಪನ್ಯಾಸದಲ್ಲಿ ವೇಬರನು ಕೌಟಿಲ್ಯನ ಅರ್ಥಶಾಸ್ತ್ರವನ್ನು ಹೆಸರಿಸಿ, ಅದರ ಮುಂದೆ ಮಾಕಿಯವೆಲ್ಲಿಯ ಗ್ರಂಥ ನಿರುಪದ್ರವಿ ಎಂಬ ಅರ್ಥ ಬರುವಂತೆ ಹೇಳಿದ್ದಾನೆ. ಆ ಗ್ರಂಥದ ಮೂಲವನ್ನು ತಾಳೆಯೋಲೆಯಿಂದ ಎತ್ತಿ 1909ರಲ್ಲಿ ಅಚ್ಚುಹಾಕಿಸಿದವರು ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು. ಅಚ್ಚಾಗಿ ಹತ್ತು ವರ್ಷದೊಳಗೆ ಮೈಸೂರಿನ ಪುಸ್ತಕವೊಂದು ಸೋತ ಜರ್ಮನಿಯ ಆತ್ಮಪರೀಕ್ಷೆಯಲ್ಲಿ ಸಾಕ್ಷಿಯಾಗಿ ನಿಂತದ್ದು ನಮ್ಮ ಪಂಡಿತರಲ್ಲಿ ಇನ್ನೂ ಸಾಕಷ್ಟು ಚರ್ಚೆಗೆ ಬಂದಿಲ್ಲ.

ವೈಮಾರ್ ರಾಜ್ಯಾಂಗದ 45ನೆಯ ವಿಧಿಯು ಯುದ್ಧವನ್ನಾಗಲಿ ಸಂಧಿಯನ್ನಾಗಲಿ ಶಾಸನದ ಮೂಲಕವೇ ಮಾಡತಕ್ಕದ್ದೆಂದು ಸಾರಿತು. ಬೀಗದ ಕೈ ಮೊದಲ ಬಾರಿಗೆ ಸಭೆಗೆ ಬಂದಿತು. ಆದರೆ ಕೋಣೆಗೆ ಹಿತ್ತಿಲ ಬಾಗಿಲೊಂದಿತ್ತು. ವರ್ಸೇಲ್ಸ್ ಕೌಲಿನ ಪ್ರಕಾರ ಒಂದು ಲಕ್ಷ ಜನಕ್ಕೆ ಮಿತಿಗೊಂಡ ಸೈನ್ಯವು ರಾಜ್ಯದೊಳಗೊಂದು ರಾಜ್ಯವಾಗಿ ಬೆಳೆಯಿತು. 1920ರ ಮಾರ್ಚಿಯಲ್ಲಿ ಕಾಪ್‌ನ ದಂಗೆಕೋರರು ಬರ್ಲಿನ್ನಿಗೆ ನುಗ್ಗಿದಾಗ ಸೇನಾಧಿಕಾರಿ ಸೇಕ್ಟನು ಸರಕಾರದ ರಕ್ಷಣೆಗೆ ಸಿಪಾಯಿಗಳನ್ನು ಕಳುಹಲೊಪ್ಪಲಿಲ್ಲ. ಸೋವಿಯತ್ ರಷ್ಯದೊಡನೆ ನಡೆದಿದ್ದ ಗುಪ್ತ ಶಸ್ತ್ರವ್ಯವಹಾರವನ್ನು 1926ರ ಡಿಸೆಂಬರಿನಲ್ಲಿ ಶೈಡೆಮಾನನು ಸಭೆಯಲ್ಲಿ ಬಯಲಿಗೆಳೆದ ಮೇಲೆ ಮಂತ್ರಿಮಂಡಲ ಬಿದ್ದಿತು, ಸೈನ್ಯಕ್ಕೆ ಏನೂ ಆಗಲಿಲ್ಲ. 1928ರ ಚುನಾವಣೆಯಲ್ಲಿ ಯುದ್ಧನೌಕೆಗೆ ಬದಲು ಮಕ್ಕಳಿಗೆ ಊಟ ಎಂದು ಕೂಗಿ ಗೆದ್ದ ಸೋಶಿಯಲ್ ಡೆಮಾಕ್ರಾಟರ ಪಾಡಂತೂ ನಗೆಗೀಡಾಯಿತು. ಅವರ ಮಂತ್ರಿಗಳು ಆಗಸ್ಟ್‌ನಲ್ಲಿ ಮಂತ್ರಿಮಂಡಲದೊಳಗೆ ಅದೇ ನೌಕೆಗೆ ಒಪ್ಪಿಗೆ ಕೊಟ್ಟು, ನವೆಂಬರಿನಲ್ಲಿ ಪಕ್ಷದ ಆಜ್ಞೆಗೆ ಕಟ್ಟುಬಿದ್ದು, ಸಭೆಯಲ್ಲಿ ತಮ್ಮ ತೀರ್ಮಾನದ ವಿರುದ್ಧ ತಾವೇ ಮತ ಹಾಕಿದರು. ಹಾಕಿ ಸೋತರು. ನೌಕೆಯೇನೋ ನೀರಿಗಿಳಿಯಿತು. ಸಭೆಗೆ ತನ್ನ ಹಕ್ಕನ್ನು ಹೊರುವ ಧೈರ್ಯವಿಲ್ಲದಿದ್ದರೆ ಬರೆದ ವಿಧಿಯಿಂದ ಆಗುವುದು ಎಷ್ಟು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಮುಂದಿನದು ಎಲ್ಲರೂ ಬಲ್ಲ ಕಥೆ: 1934ರ ಆಗಸ್ಟ್ 2ರಂದು ಸಿಪಾಯಿಗಳು ಹಿಟ್ಲರನ ಹೆಸರೆತ್ತಿ ಪ್ರಮಾಣ ಮಾಡಿದರು, 1939ರ ಸೆಪ್ಟೆಂಬರ್ 1ರಂದು ನಾಟಕಶಾಲೆಯೊಂದರಲ್ಲಿ ಸೇರಿದ ರೈಖ್‌ಸ್ಟಾಗು ಯುದ್ಧ ಆರಂಭವಾದ ಸುದ್ದಿಯನ್ನು ಕೇಳಿ ಚಪ್ಪಾಳೆ ತಟ್ಟಿತು.

1949ರ ಮೇ 23ರಂದು ಪಶ್ಚಿಮ ಜರ್ಮನಿಯ ಮೂಲಶಾಸನ ಹುಟ್ಟಿದಾಗ ಆ ದೇಶಕ್ಕೆ ಸೈನ್ಯವೇ ಇರಲಿಲ್ಲ. ಆಕ್ರಮಣಯುದ್ಧದ ಸಿದ್ಧತೆಯನ್ನು 26ನೆಯ ವಿಧಿ ನಿಷೇಧಿಸಿತು. ಅಂತಃಸಾಕ್ಷಿಗೆ ವಿರೋಧವಾಗಿ ಯಾರನ್ನೂ ಆಯುಧ ಹಿಡಿಯುವಂತೆ ಬಲಾತ್ಕರಿಸಕೂಡದೆಂದು 4ನೆಯ ವಿಧಿ ಹೇಳಿತು. ಸೈನ್ಯ ಹುಟ್ಟುವ ಮೊದಲೇ ಸೈನ್ಯವನ್ನು ಒಲ್ಲೆನೆನ್ನುವ ಹಕ್ಕು ಹುಟ್ಟಿದ್ದು ಒಂದು ಅಪೂರ್ವ ಸಂಗತಿ. ಮರುವರ್ಷ ಕೊರಿಯದಲ್ಲಿ ಯುದ್ಧ ಬಂದಿತು. 1950ರ ಆಗಸ್ಟಿನಲ್ಲಿ ಚಾನ್ಸಲರ್ ಆಡೆನಾವರ್ ಜರ್ಮನ್ ಪಡೆಗಳನ್ನು ಒದಗಿಸಲು ಸಿದ್ಧವೆಂಬ ಪತ್ರವನ್ನು, ಮಂತ್ರಿಮಂಡಲದಲ್ಲಿ ಚರ್ಚಿಸದೆ, ಅಮೆರಿಕದ ಹೈ ಕಮಿಷನರನಿಗೆ ಕಳುಹಿದರು. ಗೃಹಮಂತ್ರಿ ಗುಸ್ತಾಫ್ ಹೈನೆಮಾನ್ ಅಕ್ಟೋಬರಿನಲ್ಲಿ ರಾಜೀನಾಮೆಯಿತ್ತರು. ಅವರ ಆಕ್ಷೇಪದಲ್ಲಿ ಎರಡು ಮುಖಗಳಿದ್ದುವು. ದೇವರು ಎರಡು ಸಲ ನಮ್ಮ ಕೈಯಿಂದ ಆಯುಧವನ್ನು ಕಿತ್ತುಕೊಂಡಿದ್ದಾನೆ, ಮೂರನೆಯ ಸಲ ನಾವಾಗಿ ಕೈ ಚಾಚಬಾರದೆಂಬ ಧರ್ಮಬುದ್ಧಿ ಒಂದು; ಮಂತ್ರಿಗಳನ್ನೂ ಕೇಳದೆ ಒಬ್ಬನೇ ಇಂತಹ ಮಾತು ಕೊಡಬಹುದೇ ಎಂಬ ರಾಜ್ಯಾಂಗದ ಪ್ರಶ್ನೆ ಇನ್ನೊಂದು. ಮೊದಲನೆಯದನ್ನೇ ಜನ ನೆನೆಯುತ್ತಾರೆ. ನಮ್ಮ ವಿಷಯಕ್ಕೆ ಎರಡನೆಯದು ಹೆಚ್ಚು ಬೆಲೆಯುಳ್ಳದ್ದು. ಹೈನೆಮಾನರು ಸೋತರು, 1969ರಲ್ಲಿ ಅವರೇ ಗಣರಾಜ್ಯದ ಅಧ್ಯಕ್ಷರಾದರು.

ಐದು ವರ್ಷ ಬೀದಿಬೀದಿಗಳಲ್ಲಿ ‘ನನ್ನನ್ನು ಬಿಟ್ಟು’ ಎಂಬ ಕೂಗು ನಡೆದಿದ್ದಂತೆಯೇ 1955ರ ಮೇ ತಿಂಗಳಲ್ಲಿ ದೇಶ ಉತ್ತರ ಅಟ್ಲಾಂಟಿಕ್ ಒಕ್ಕೂಟಕ್ಕೆ ಸೇರಿತು. ನವೆಂಬರ್ 12ರಂದು ಮೊದಲ 101 ಮಂದಿ ಸ್ವಯಂಸೇವಕರು ನೇಮಕದ ಪತ್ರ ಪಡೆದರು. ನೆಪೋಲಿಯನ್ ಕಾಲದ ಸೈನ್ಯಸುಧಾರಕ ಶಾರ್ನ್‌ಹಾರ್ಸ್ಟ್ ಹುಟ್ಟಿ ಅಂದಿಗೆ ಸರಿಯಾಗಿ 200 ವರ್ಷ. ನಾಗರಿಕ ಪಡೆಯ ಪರಂಪರೆಯನ್ನು ಬೇಕೆಂದೇ ಆರಿಸಿಕೊಂಡಿದ್ದರು. ಬೌಡಿಸ್ಸಿನ್ ಎಂಬ ಅಧಿಕಾರಿ ರೂಪಿಸಿದ ‘ಸಮವಸ್ತ್ರ ತೊಟ್ಟ ನಾಗರಿಕ’ ಎಂಬ ಆದರ್ಶವೂ ಅದೇ ಜಾಡಿನದು. ಆದರೆ ನಿಜವಾದ ಕಟ್ಟಡ ಎದ್ದದ್ದು 1956ರ ಮಾರ್ಚಿಯ ತಿದ್ದುಪಡಿಗಳಲ್ಲಿ. ಆಯುಧವನ್ನು ವಿರೋಧಿಸುತ್ತಿದ್ದ ಸೋಶಿಯಲ್ ಡೆಮಾಕ್ರಾಟರಲ್ಲಿ ಫ್ರಿಟ್ಸ್ ಎರ್ಲರ್ ಮೊದಲಾದವರು, ಸೈನ್ಯ ಹೇಗೂ ಬರುವುದಾದರೆ ಅದು ಸಭೆಯ ಕಟ್ಟಿನೊಳಗೆ ಬರಲಿ ಎಂದು ಕುಳಿತು ಕೆಲಸ ಮಾಡಿದರು. ಅಧಿಪತ್ಯವನ್ನು ಅಧ್ಯಕ್ಷನಿಗೆ ಕೊಡದೆ ಸಭೆಗೆ ಬಾಧ್ಯನಾದ ರಕ್ಷಣಾಮಂತ್ರಿಗೆ ಕೊಟ್ಟರು. ರಕ್ಷಣಾ ಸಮಿತಿಗೆ ತಾನಾಗಿ ವಿಚಾರಣೆ ನಡೆಸುವ ಅಧಿಕಾರ ಬಂದಿತು. ಸಿಪಾಯಿಯ ದೂರನ್ನು ಕೇಳಲು ಸ್ವೀಡನ್ನಿನ ಮಾದರಿಯಲ್ಲಿ ಸಭೆಯ ಪ್ರತಿನಿಧಿಯೊಬ್ಬನನ್ನು ನೇಮಿಸಿದರು. ಸೈನ್ಯದ ಸಂಖ್ಯೆಯೂ ರಚನೆಯೂ ಆಯವ್ಯಯಪತ್ರದಿಂದ ತಿಳಿದುಬರತಕ್ಕದ್ದು ಎಂದು 87 ಎ ವಿಧಿಯಲ್ಲಿ ಬರೆದರು. 1862ರಲ್ಲಿ ಆಯವ್ಯಯ ಸಮಿತಿಯ ಕೋಣೆಯಲ್ಲಿ ಕಳೆದುಕೊಂಡದ್ದನ್ನು ತೊಂಬತ್ತನಾಲ್ಕು ವರ್ಷಗಳ ಮೇಲೆ ಅದೇ ಆಯವ್ಯಯದ ಮಾತಿನಲ್ಲಿ ಹಿಂದಕ್ಕೆ ಪಡೆದರು.

ಮುಂದಿನ ಮೂವತ್ತೈದು ವರ್ಷಗಳಲ್ಲಿ ವಾದಗಳು ಬಿಸಿಯಾಗಿದ್ದುವು. 1957ರ ಏಪ್ರಿಲಿನಲ್ಲಿ ಆಟೋ ಹಾನ್, ಹೈಸೆನ್‌ಬರ್ಗ್ ಮೊದಲಾದ ಹದಿನೆಂಟು ವಿಜ್ಞಾನಿಗಳು ಅಣ್ವಸ್ತ್ರದ ಕೆಲಸದಲ್ಲಿ ಭಾಗವಹಿಸೆವೆಂದು ಗ್ಯೋಟಿಂಗೆನ್ನಿನಿಂದ ಘೋಷಿಸಿದರು. 1981ರ ಅಕ್ಟೋಬರಿನಲ್ಲಿ ಕ್ಷಿಪಣಿಗಳ ವಿರುದ್ಧ ಬಾನ್ ನಗರದಲ್ಲಿ ಸುಮಾರು ಮೂರು ಲಕ್ಷ ಜನ ಸೇರಿದರು. ಪೂರ್ವ ಜರ್ಮನಿಯಲ್ಲಿ ಸಭೆಗೆ ಬೀಗದ ಕೈಯ ಪ್ರಶ್ನೆಯೇ ಇರಲಿಲ್ಲ. ಆದರೂ 1964ರಿಂದ ಆಯುಧವೊಲ್ಲದ ತರುಣರು ಹೆಗಲಪಟ್ಟಿಯ ಮೇಲೆ ಸಲಿಕೆಯ ಗುರುತು ಧರಿಸಿ ಕಟ್ಟಡ ಕೆಲಸದ ಸಿಪಾಯಿಗಳಾಗಲು ಅಲ್ಲಿ ಅವಕಾಶವಿತ್ತು. ಇಷ್ಟೆಲ್ಲದರ ನಡುವೆ ಯಾವ ಜರ್ಮನ್ ಸೈನಿಕನೂ ಗಡಿಯಾಚೆ ಯುದ್ಧಕ್ಕೆ ಹೋಗಲಿಲ್ಲವಾದುದರಿಂದ ಕಟ್ಟಡದ ಗಟ್ಟಿತನ ಪರೀಕ್ಷೆಗೆ ಬರಲಿಲ್ಲ.

ಪರೀಕ್ಷೆ ಬಂದದ್ದು 1990ರಲ್ಲಿ ದೇಶ ಒಂದಾದ ಮೇಲೆ. 1991ರ ಕೊಲ್ಲಿಯುದ್ಧಕ್ಕೆ ಜರ್ಮನಿ ಸೈನ್ಯ ಕಳುಹದೆ ಸುಮಾರು 1,700 ಕೋಟಿ ಮಾರ್ಕು ಹಣ ಕೊಟ್ಟು, ಮಿತ್ರರಿಂದ ಹಣದ ಚೀಲದ ರಾಜಕಾರಣವೆಂಬ ಮೂದಲೆ ಕೇಳಿತು. ತರುವಾಯ ಬೋಸ್ನಿಯದ ಆಕಾಶದಲ್ಲಿ, ಸೋಮಾಲಿಯದಲ್ಲಿ ಜರ್ಮನ್ ಸೈನಿಕರು ಕಾಣಿಸಿಕೊಂಡಾಗ ವ್ಯಾಜ್ಯ ಕಾರ್ಲ್ಸ್‌ರೂಹೆಯ ರಾಜ್ಯಾಂಗ ನ್ಯಾಯಾಲಯಕ್ಕೆ ಹೋಯಿತು. ಸರಕಾರದಲ್ಲಿ ಪಾಲುದಾರರಾಗಿದ್ದ ಫ್ರೀ ಡೆಮಾಕ್ರಾಟರೇ ತಮ್ಮ ಸರಕಾರದ ಮೇಲೆ ಮೊಕದ್ದಮೆ ಹೂಡಿದವರಲ್ಲಿ ಸೇರಿದ್ದರು. 1994ರ ಜುಲೈ 12ರ ತೀರ್ಪು ಎರಡು ಕಡೆಯವರಿಗೂ ಅರ್ಧ ಕೊಟ್ಟಿತು. ಸಾಮೂಹಿಕ ರಕ್ಷಣೆಯ ಒಕ್ಕೂಟಗಳ ಅಂಗವಾಗಿ ಸೈನ್ಯ ಹೊರಗೆ ಹೋಗಬಹುದು. ಆದರೆ ಪ್ರತಿ ಸಶಸ್ತ್ರ ಕಾರ್ಯಕ್ಕೂ ಬುಂಡೆಸ್ಟಾಗಿನ ಒಪ್ಪಿಗೆ ಬೇಕು, ಸಾಮಾನ್ಯವಾಗಿ ಅದು ಮುಂಚಿತವಾಗಿಯೇ ಬೇಕು. ಮೂಲಶಾಸನದಲ್ಲಿ ಈ ಮಾತು ಸ್ಪಷ್ಟವಾಗಿ ಎಲ್ಲಿಯೂ ಇಲ್ಲ. ನ್ಯಾಯಾಧೀಶರು 1956ರ ತಿದ್ದುಪಡಿಗಳ ಒಟ್ಟು ಆಶಯದಿಂದಲೂ 1918ರಿಂದ ಬಂದ ಜರ್ಮನ್ ರಾಜ್ಯಾಂಗ ಪರಂಪರೆಯಿಂದಲೂ ಅದನ್ನು ಹೊರತೆಗೆದರು. ನಗೆಗೀಡಾಗಿದ್ದ ವೈಮಾರಿನ 45ನೆಯ ವಿಧಿ ಹೀಗೆ ಸತ್ತ ಮೇಲೆ ಫಲ ಕೊಟ್ಟಿತು. ನಮ್ಮ ದೇಶದ ಸಂವಿಧಾನದಲ್ಲಿ ಇಂತಹ ಕಟ್ಟಳೆಯಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. 1987ರಲ್ಲಿ ಶ್ರೀಲಂಕೆಗೆ ಶಾಂತಿಪಾಲನಾ ಪಡೆ ಹೋದದ್ದು ಸರಕಾರದ ತೀರ್ಮಾನದಿಂದ.

ಒಪ್ಪಿಗೆ ಕೊಡುವುದೆಂದರೆ ಸಾವಿಗೆ ಸಹಿ ಹಾಕುವುದೂ ಹೌದು ಎಂಬ ಅರಿವು 1999ರಲ್ಲಿ ಬಂದಿತು. ವಿಶ್ವಸಂಸ್ಥೆಯ ಅನುಮತಿಯಿಲ್ಲದ ಕೊಸೊವೊ ಕಾರ್ಯಾಚರಣೆಗೆ ಬುಂಡೆಸ್ಟಾಗು ಹಿಂದಿನ ಅಕ್ಟೋಬರಿನಲ್ಲಿಯೇ ಭಾರಿ ಬಹುಮತದಿಂದ ಒಪ್ಪಿತ್ತು. ಮಾರ್ಚ್ 24ರಂದು ಜರ್ಮನ್ ವಿಮಾನಗಳು 1945ರ ತರುವಾಯ ಮೊದಲ ಬಾರಿಗೆ ಯುದ್ಧಕ್ಕೆ ಹಾರಿದುವು. ವಿದೇಶಮಂತ್ರಿ ಯೋಷ್ಕಾ ಫಿಷರ್ ಶಾಂತಿ ಚಳವಳಿಯಿಂದ ಬೆಳೆದ ಹಸಿರು ಪಕ್ಷದವರು. ಮತ್ತೆ ಯುದ್ಧ ಬೇಡವೆಂಬುದನ್ನು ಕಲಿತಂತೆಯೇ ಮತ್ತೆ ಆಶ್‌ವಿಟ್ಸ್ ಬೇಡವೆಂಬುದನ್ನೂ ತಾವು ಕಲಿತಿರುವುದಾಗಿ ಅವರು ವಾದಿಸಿದರು. ಅದುವರೆಗೆ ಜೋಡಿಯಾಗಿದ್ದ ಎರಡು ಪಾಠಗಳು ಅಂದು ಒಂದರ ಮೇಲೊಂದು ತಿರುಗಿ ನಿಂತುವು. ಆಶ್‌ವಿಟ್ಸಿನ ಹೆಸರನ್ನು ಬಾಂಬಿನ ಸಮರ್ಥನೆಗೆ ತಂದದ್ದು ನಮಗೆ ಅತಿಯೆಂದೇ ತೋರುತ್ತದೆ. ಆ ಹೋಲಿಕೆಯ ಭಾರವನ್ನು ಯಾವ ವಾದವೂ ಹೊರಲಾರದು. ಆದರೆ ಅವರು ಓಡಿಹೋಗಲಿಲ್ಲ. ಮೇ 13ರಂದು ಬೀಲೆಫೆಲ್ಡಿನ ಪಕ್ಷಸಭೆಯಲ್ಲಿ ಕೆಂಪು ಬಣ್ಣದ ಪೊಟ್ಟಣದ ಏಟು ಬಿದ್ದು ಕಿವಿಗೆ ಗಾಯವಾದರೂ ವೇದಿಕೆಗೆ ಹೋಗಿ ಮಾತಾಡಿದರು. 2001ರ ನವೆಂಬರ್ 16ರಂದು ಅಮೆರಿಕದ ನೆರವಿಗೆ ಸೈನ್ಯ ಕಳುಹುವ ಪ್ರಶ್ನೆಯನ್ನು ಚಾನ್ಸಲರ್ ಶ್ರೋಡರ್ ತಮ್ಮ ವಿಶ್ವಾಸಮತದೊಂದಿಗೆ ಗಂಟುಹಾಕಿದರು. ಬೇಕಾದದ್ದು 334 ಮತ, ಬಂದದ್ದು 336. ವಿರೋಧಿಗಳಾಗಿದ್ದ ಎಂಟು ಮಂದಿ ಹಸಿರು ಸದಸ್ಯರು ಸರಕಾರ ಬೀಳದಂತೆ ನಾಲ್ವರು ಪರ, ನಾಲ್ವರು ವಿರೋಧ ಎಂದು ತಮ್ಮತಮ್ಮಲ್ಲೇ ಪಾಲುಮಾಡಿಕೊಂಡಿದ್ದರು. ವೇಬರನ ಎರಡು ನೀತಿಗಳನ್ನು ಎಂಟು ಜನ ಹೀಗೆ ಹಂಚಿಕೊಂಡದ್ದನ್ನು ಆತ ಕಂಡಿದ್ದರೆ ಏನೆನ್ನುತ್ತಿದ್ದನೋ!

2003ರಲ್ಲಿ ಇರಾಕಿನ ಯುದ್ಧಕ್ಕೆ ಅದೇ ಶ್ರೋಡರ್ ಸೇರಲೊಲ್ಲೆನೆಂದರು. ಆದರೂ ತುರ್ಕಿಯ ಆಕಾಶದ ಕಾವಲು ವಿಮಾನಗಳಲ್ಲಿ ಸಭೆಯನ್ನು ಕೇಳದೆ ಜರ್ಮನ್ ಸೈನಿಕರು ಕುಳಿತಿದ್ದರು. ಅದು ತಪ್ಪೆಂದು ನ್ಯಾಯಾಲಯ 2008ರಲ್ಲಿ ತೀರ್ಪಿತ್ತಿತು. 2009ರ ಸೆಪ್ಟೆಂಬರ್ 4ರಂದು ಆಫ್‌ಘಾನಿಸ್ತಾನದ ಕುಂದುಜ್ ಬಳಿ, ತಾಲಿಬಾನರು ಅಪಹರಿಸಿದ್ದ ಎರಡು ಎಣ್ಣೆಯ ಲಾರಿಗಳ ಮೇಲೆ ಜರ್ಮನ್ ಕರ್ನಲನೊಬ್ಬನ ಆಜ್ಞೆಯಂತೆ ಅಮೆರಿಕದ ವಿಮಾನಗಳು ಬಾಂಬು ಹಾಕಿದುವು. ಎಣ್ಣೆ ತುಂಬಿಕೊಳ್ಳಲು ನೆರೆದ ಹಳ್ಳಿಯ ಜನರೂ ಸತ್ತರು. ಅಂದು ರಕ್ಷಣಾಮಂತ್ರಿಯಾಗಿದ್ದ ಯುಂಗ್ ನವೆಂಬರಿನಲ್ಲಿ ಮಂತ್ರಿಪದವಿ ಬಿಟ್ಟರು. ರಕ್ಷಣಾ ಸಮಿತಿಯು 1956ರಲ್ಲಿ ಪಡೆದ ಅಧಿಕಾರವನ್ನು ಬಳಸಿ ವಿಚಾರಣಾ ಸಮಿತಿಯಾಗಿ ಕುಳಿತಿತು. ಟ್ಸಾಬರ್ನಿನ ಕರ್ನಲನ ಕಾಲಕ್ಕೂ ಇದಕ್ಕೂ ಇರುವ ಅಂತರ ಸಣ್ಣದಲ್ಲ. ಆದರೆ ಸತ್ತವರಿಗೆ ಅದರಿಂದೇನು ಎಂಬ ಪ್ರಶ್ನೆಗೆ ಬರ್ಲಿನ್ನಿನ ಕಡತಗಳಲ್ಲಿ ಉತ್ತರವಿಲ್ಲ. ಯುದ್ಧ ಎಂಬ ಶಬ್ದವನ್ನೇ ಆಡದೆ ವರ್ಷವರ್ಷವೂ ಒಪ್ಪಿಗೆ ನವೀಕರಿಸಿದ ಸಭೆಯೂ ಆ ಪಾಪದಲ್ಲಿ ಪಾಲುಗಾರ. 2021ರಲ್ಲಿ ಕಾರ್ಯಾಚರಣೆ ಮುಗಿಯುವ ಹೊತ್ತಿಗೆ 59 ಜರ್ಮನ್ ಸೈನಿಕರು ಅಲ್ಲಿ ಪ್ರಾಣ ಬಿಟ್ಟಿದ್ದರು. ಈ ಮಧ್ಯೆ 2011ರ ಮಾರ್ಚ್ 17ರಂದು ಲಿಬಿಯದ ಮೇಲಿನ ಕ್ರಮಕ್ಕೆ ಭದ್ರತಾಸಮಿತಿಯಲ್ಲಿ ಮತ ಕೇಳಿದಾಗ ಜರ್ಮನಿ ತಟಸ್ಥವಾಯಿತು. ಭಾರತವೂ ಅದೇ ಸಾಲಿನಲ್ಲಿತ್ತು. ಆ ವರ್ಷವೇ ಕಡ್ಡಾಯ ಸೈನಿಕಸೇವೆಯನ್ನು ಅಮಾನತಿನಲ್ಲಿಟ್ಟರು.

2022ರ ಫೆಬ್ರವರಿ 24ರಂದು ರಷ್ಯವು ಯುಕ್ರೇನಿನ ಮೇಲೆ ಪೂರ್ಣ ಪ್ರಮಾಣದಲ್ಲಿ ನುಗ್ಗಿದ ಮೂರನೆಯ ದಿನ, ಭಾನುವಾರ, ಚಾನ್ಸಲರ್ ಓಲಾಫ್ ಶೋಲ್ಟ್ಸ್ ಬುಂಡೆಸ್ಟಾಗಿನ ವಿಶೇಷ ಬೈಠಕ್ಕಿನಲ್ಲಿ ಕಾಲವೇ ತಿರುಗಿತೆಂದು ಸಾರಿ, ಸೈನ್ಯಕ್ಕೆ 10,000 ಕೋಟಿ ಯೂರೋಗಳ ನಿಧಿಯನ್ನು ಪ್ರಕಟಿಸಿದರು. ಅದಕ್ಕಾಗಿ ತಿದ್ದಿದ್ದು ಅದೇ 87 ಎ ವಿಧಿಯನ್ನು. 2025ರ ಮಾರ್ಚಿಯಲ್ಲಿ ಒಟ್ಟು ಉತ್ಪನ್ನದ ಶೇಕಡ 1ಕ್ಕೆ ಮೀರಿದ ರಕ್ಷಣಾವೆಚ್ಚವನ್ನು ಸಾಲದ ಮಿತಿಯಿಂದಲೇ ಹೊರಗಿಟ್ಟರು. ಹೊಸ ಸಭೆ ಆರಿಸಿಬಂದಾಗಿದ್ದರೂ ಮತ ಹಾಕಿದ್ದು ಹಳೆಯ ಸಭೆ. ಸೈನ್ಯಕ್ಕೆ ಹಣ ಕೊಡೆನೆಂದ 1862ರ ಸಭೆಯಿಂದ, ಮಿತಿಯನ್ನೇ ಕಿತ್ತೊಗೆದ ಸಭೆಯವರೆಗೆ ಹಾದಿ ಹೀಗೆ ಬಂದು ಮುಟ್ಟಿದೆ. ಇದರಲ್ಲಿ ಭಯಪಡಬೇಕಾದದ್ದಿಲ್ಲ ಎನ್ನುವವರು, ತೀರ್ಮಾನ ಸಭೆಯದೇ ಅಲ್ಲವೇ ಎನ್ನುತ್ತಾರೆ. ನಮಗೆ ಅಷ್ಟು ನೆಮ್ಮದಿಯಿಲ್ಲ. 1994ರ ತೀರ್ಪು ಗಡಿ ದಾಟುವ ಸಶಸ್ತ್ರ ಸೈನಿಕನನ್ನು ತಡೆದು ಕೇಳುತ್ತದೆ. ಸೈನಿಕನಿಲ್ಲದೆ ಗಡಿ ದಾಟುವ ಆಯುಧವನ್ನು ಕೇಳುವುದಿಲ್ಲ. ಯುಕ್ರೇನಿಗೆ ಭಾರಿ ಆಯುಧ ಕೊಡಬೇಕೆಂದು 2022ರ ಏಪ್ರಿಲ್ 28ರಂದು ಬುಂಡೆಸ್ಟಾಗು ಗೊತ್ತುವಳಿ ಮಾಡಿದ್ದು ಸಲಹೆಯ ರೂಪದಲ್ಲಿ. ಯಾವ ಆಯುಧ, ಎಷ್ಟು, ಎಂದು ಎಂಬುದು ಸರಕಾರದ ಕೈಯಲ್ಲಿಯೇ ಉಳಿದಿದೆ.

ಕಡ್ಡಾಯ ಸೇವೆಯ ವಿಷಯದಲ್ಲಿ ಸಭೆ ಹೆಚ್ಚು ಎಚ್ಚರಿಕೆ ತೋರಿದೆ. 2025ರ ಡಿಸೆಂಬರಿನಲ್ಲಿ ಅಂಗೀಕರಿಸಿದ ಶಾಸನದಂತೆ 2008ರಲ್ಲಿ ಮತ್ತು ಆಮೇಲೆ ಹುಟ್ಟಿದ ಗಂಡುಮಕ್ಕಳು ಪ್ರಶ್ನಾಪತ್ರಕ್ಕೆ ಉತ್ತರ ಕೊಡಲೇಬೇಕು. ಸೇವೆ ಮಾತ್ರ ಸ್ವಇಚ್ಛೆಯದು. ಅದನ್ನು ಕಡ್ಡಾಯ ಮಾಡಬೇಕಾದರೆ ಸರಕಾರ ಮತ್ತೊಮ್ಮೆ ಸಭೆಯ ಮುಂದೆ ಬರಬೇಕು. ಇನ್ನು ದೇಶದ ಮೇಲೆಯೇ ದಾಳಿಯಾದರೆ ಏನು? ಅದಕ್ಕೆ 1968ರಲ್ಲಿಯೇ, ವಿದ್ಯಾರ್ಥಿಗಳ ಪ್ರಬಲ ಪ್ರತಿಭಟನೆಯ ನಡುವೆ, ವಿಧಿ ಬರೆದಿಟ್ಟಿದ್ದಾರೆ. ರಕ್ಷಣಾಸ್ಥಿತಿಯನ್ನು ಘೋಷಿಸಲು ಬುಂಡೆಸ್ಟಾಗಿನ ಮೂರರಲ್ಲಿ ಎರಡು ಪಾಲು ಮತ ಬೇಕು, ಸಂಸ್ಥಾನಗಳ ಸಭೆಯ ಒಪ್ಪಿಗೆಯೂ ಬೇಕು. ಸಭೆ ಸೇರಲಾಗದಷ್ಟು ಆಪತ್ತಿದ್ದರೆ ಎರಡು ಸಭೆಗಳಿಂದ ಮೊದಲೇ ಆರಿಸಿಟ್ಟ 48 ಮಂದಿಯ ಸಮಿತಿ ಆ ಅಧಿಕಾರವನ್ನು ನಡೆಸತಕ್ಕದ್ದು. ಅವರಲ್ಲಿ 32 ಮಂದಿ ಬುಂಡೆಸ್ಟಾಗಿನವರು, 16 ಮಂದಿ ಸಂಸ್ಥಾನಗಳವರು. ಆ ಸಮಿತಿಯಲ್ಲಿ ಬುಂಡೆಸ್ಟಾಗಿನ ಕಡೆಯಿಂದ ಕೂರುವವರು ಸರಕಾರದ ಮಂತ್ರಿಗಳಾಗಿರಕೂಡದೆಂದೂ ಬರೆದಿದೆ.